ಸೈಕಲ್ ಚೈನಿಗೆ ಯಾವ ಎಣ್ಣೆ, ಎಷ್ಟು, ಯಾವಾಗ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಸೈಕಲ್ ತಗೊಂಡವರು, ಮೂಲೆಗೆ ಸೇರಿದ್ದ ಹಳೇ ಸೈಕಲನ್ನು ಮತ್ತೆ ಹೊರತೆಗೆದವರು, ದಿನಾ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿಬರುವವರು, ಎಲ್ಲರೂ ನನ್ನನ್ನು ಕೊನೆಗೆ ಕೇಳುವುದು ಚೈನಿನ ಬಗ್ಗೆಯೇ. ಆ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಸಾಲಾಗಿ ಓದಬೇಕೆಂದಿಲ್ಲ. ಮೊದಲನೆಯದನ್ನು ಮಾತ್ರ ಬಿಡಬೇಡಿ. ಅದು ಗೊತ್ತಾದರೆ ಉಳಿದ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಬಿಡುತ್ತೀರಿ.

ಚೈನಿಗೆ ಎಣ್ಣೆ ಬೇಕಾಗಿರುವುದು ಎಲ್ಲಿ?

ಒಳಗೆ.

ಒಂದು ಕೊಂಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಹೊರಗೆ ಎರಡು ಪ್ಲೇಟು, ಅದರ ಒಳಗೆ ಇನ್ನೆರಡು ಪ್ಲೇಟು, ಇವನ್ನೆಲ್ಲ ಪೋಣಿಸುವ ಒಂದು ಪಿನ್ನು, ನಡುವೆ ಉರುಳುವ ಒಂದು ಪುಟ್ಟ ರೋಲರ್. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹ್ಯಾನ್ಸ್ ರೆನಾಲ್ಡ್ ಅನ್ನುವ ಎಂಜಿನಿಯರ್ 1880ರಲ್ಲಿ ರೂಪಿಸಿದ ರೋಲರ್ ಚೈನಿನ ಮೂಲ ವಿಚಾರವೇ ಇವತ್ತಿನ ಸೈಕಲ್ಲಿನಲ್ಲೂ ಇದೆ.

ಈಗ ಆ ಕೊಂಡಿಯನ್ನು ಬೆರಳಲ್ಲಿ ಮಡಚಿ, ಬಿಡಿಸಿ. ಪಿನ್ನಿನ ಮೇಲೆ ಒಳಪ್ಲೇಟು ತಿರುಗುತ್ತದಲ್ಲ, ಸವೆಯುವ ಜಾಗ ಅದೇ. ಚೈನು ಹಲ್ಲಿನ ಚಕ್ರ ಹತ್ತುವಾಗ ಒಮ್ಮೆ ಮಡಚುತ್ತದೆ, ಇಳಿಯುವಾಗ ನೆಟ್ಟಗಾಗುತ್ತದೆ. ಗೇರ್ ಸೈಕಲ್ಲಿನ ಚೈನಿನಲ್ಲಿ ಇಂಥ ನೂರಕ್ಕೂ ಹೆಚ್ಚು ಕೀಲುಗಳಿರುತ್ತವೆ. ನೀವು ಪೆಡಲ್ ತುಳಿಯುವ ಬಲವೆಲ್ಲ ಒಂದೊಂದು ಕೀಲನ್ನೂ ದಾಟಿಕೊಂಡೇ ಹಿಂದಿನ ಚಕ್ರಕ್ಕೆ ಹೋಗಬೇಕು. ಎಣ್ಣೆ ಇರಬೇಕಾದ್ದು ಆ ಕೂದಲೆಳೆಯಷ್ಟು ಸಂದಿನಲ್ಲಿ.

ಹೊರಮೈಯ ಮೇಲೆ ನಿಂತ ಎಣ್ಣೆ ಧೂಳು ಹಿಡಿಯುತ್ತದೆ, ಅಷ್ಟೇ. ಮರಳಿನ ಕಣ ಉಕ್ಕನ್ನು ಗೀರುವಷ್ಟು ಗಟ್ಟಿ. ಎಣ್ಣೆಯ ಜೊತೆ ಕಲಸಿಕೊಂಡರೆ ಅದು ಅರೆಯುವ ಲೇಪವಾಗುತ್ತದೆ. ಕಪ್ಪು ಜಿಡ್ಡು ಮೆತ್ತಿದ ಚೈನನ್ನು ನೋಡಿ "ಚೆನ್ನಾಗಿ ಎಣ್ಣೆ ಕುಡಿದಿದೆ" ಅಂದುಕೊಳ್ಳುವವರು ತುಂಬಾ ಜನ. ಅದು ಎಣ್ಣೆ ಕುಡಿದಿರುವುದಲ್ಲ, ಮಣ್ಣು ತಿಂದಿರುವುದು.

ಅಂಗಡಿಯಲ್ಲಿ ವೆಟ್, ಡ್ರೈ, ವ್ಯಾಕ್ಸ್ ಅಂತ ಮೂರು ಬಗೆ ಇಟ್ಟಿರುತ್ತಾರೆ. ನನಗೆ ಯಾವುದು?

ವೆಟ್ ಲ್ಯೂಬ್ ಅಂದರೆ ಸ್ವಲ್ಪ ಮಂದವಾದ ಎಣ್ಣೆ. ಹಾಕಿದ ಮೇಲೂ ಒದ್ದೆಯಾಗೇ ಇರುತ್ತದೆ. ಮಳೆಯಲ್ಲಿ ಬೇಗ ತೊಳೆದುಹೋಗುವುದಿಲ್ಲ, ಹೆಚ್ಚು ದೂರ ಬಾಳುತ್ತದೆ. ಆದರೆ ಒಣ ಧೂಳಿನ ರಸ್ತೆಯಲ್ಲಿ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ.

ಡ್ರೈ ಲ್ಯೂಬ್ ಬಾಟಲಿಯಿಂದ ತೆಳ್ಳಗೆ ನೀರಿನ ಹಾಗೆ ಬರುತ್ತದೆ. ಒಳಗೆ ಇಳಿದ ಮೇಲೆ ಅದರಲ್ಲಿರುವ ದ್ರಾವಕ ಆರಿಹೋಗುತ್ತದೆ, ತೆಳುವಾದ ಪದರ ಉಳಿಯುತ್ತದೆ. ಧೂಳು ಕಡಿಮೆ ಅಂಟುತ್ತದೆ. ಒಂದು ಜೋರು ಮಳೆ ಸಿಕ್ಕರೆ ಮಾತ್ರ ಹೋಯಿತು, ಮನೆಗೆ ಬರುವಷ್ಟರಲ್ಲಿ ಚೈನು ಕಿರುಗುಡುತ್ತಿರುತ್ತದೆ.

ವ್ಯಾಕ್ಸ್ ಅಂದರೆ ಮೇಣ. ಬಾಟಲಿಯಿಂದ ಹನಿಸುವ ಬಗೆಯೂ ಇದೆ, ಕರಗಿಸಿ ಚೈನನ್ನೇ ಅದ್ದುವ ಬಗೆಯೂ ಇದೆ. ಮೂರರಲ್ಲಿ ತುಂಬಾ ಚೊಕ್ಕಟ ಇದೇ. ಚೈನು ಮುಟ್ಟಿದರೂ ಕೈ ಕಪ್ಪಾಗುವುದಿಲ್ಲ. ಆದರೆ ಶುರು ಮಾಡುವ ಮೊದಲು ಚೈನಿನಲ್ಲಿ ಜಿಡ್ಡಿನ ಲವಲೇಶವೂ ಇರಬಾರದು. ಆ ಕೆಲಸಕ್ಕೆ ತಾಳ್ಮೆ ಬೇಕು.

ಆಯ್ಕೆ ಮಾಡುವಾಗ ರಸ್ತೆಯ ಜೊತೆ ನಿಮ್ಮ ಅಭ್ಯಾಸವನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾರಕ್ಕೊಮ್ಮೆ ಹತ್ತು ನಿಮಿಷ ಚೈನಿಗೆ ಕೊಡುತ್ತೀರಾ? ಒಣ ಹವೆಯಲ್ಲಿ ಡ್ರೈ ಲ್ಯೂಬ್ ತಗೊಳ್ಳಿ. ತಿಂಗಳುಗಟ್ಟಲೆ ಚೈನಿನ ಕಡೆ ತಿರುಗಿ ನೋಡುವುದಿಲ್ಲವಾ? ವೆಟ್ ಲ್ಯೂಬೇ ಸರಿ. ಕೊಳೆಯಾದರೂ ಒಣಗುವುದಿಲ್ಲ. ಒಣಗಿದ ಚೈನು ಓಡಿಸುವುದಕ್ಕಿಂತ ಅದು ವಾಸಿ.

ಎರಡು ಬಗೆ ಬೆರೆಸಬಹುದಾ? ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು?

ಬದಲಾಯಿಸಬಹುದು, ಬೆರೆಸಬೇಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಚೈನನ್ನು ಒಮ್ಮೆ ಪೂರ್ತಿ ತೊಳೆಯಿರಿ. ಮೇಣದ ಮೇಲೆ ಎಣ್ಣೆ ಬಿಟ್ಟರೆ ಎರಡೂ ಸೇರಿ ಮುದ್ದೆಯಾಗುತ್ತವೆ.

ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಸಾಕಲ್ವಾ?

ಸಾಲದು. ಹೆಸರಿನಲ್ಲಿರುವ ಡಬ್ಲ್ಯೂಡಿ ಅಂದರೆ ನೀರನ್ನು ಹೊರದಬ್ಬುವುದು ಅಂತ. 1953ರಲ್ಲಿ ಅದನ್ನು ತಯಾರಿಸಿದ್ದೇ ಲೋಹದ ಮೇಲಿನ ತೇವ ಓಡಿಸಿ ತುಕ್ಕು ತಡೆಯುವುದಕ್ಕೆ. ಎಲ್ಲರ ಮನೆಯಲ್ಲಿರುವ ಮಾಮೂಲಿ ಡಬ್ಬಿಯಲ್ಲಿ ಜಾಸ್ತಿ ಇರುವುದು ಆರಿಹೋಗುವ ದ್ರಾವಕ, ಉಳಿಯುವ ಎಣ್ಣೆ ಸ್ವಲ್ಪ. ಹೊಡೆದ ತಕ್ಷಣ ಚೈನು ಸುಮ್ಮನಾಗುತ್ತದೆ ನಿಜ. ಆದರೆ ಅದು ಹಳೇ ಎಣ್ಣೆಯನ್ನೂ ಕರಗಿಸಿ ಹೊರಗೆ ತಂದಿರುತ್ತದೆ. ಎರಡು ದಿನ ಕಳೆದ ಮೇಲೆ ಮೊದಲಿಗಿಂತ ಜಾಸ್ತಿ ಒಣಗಿದ ಚೈನು ನಿಮ್ಮ ಕೈಯಲ್ಲಿ.

ನೆನೆದ ಚೈನಿನ ನೀರು ಓಡಿಸಲು, ಕೊಳೆ ಸಡಿಲಿಸಲು ಬಳಸಿ. ಆಮೇಲೆ ಒರೆಸಿ, ಆರಲು ಬಿಟ್ಟು, ಚೈನಿನ ಎಣ್ಣೆ ಹಾಕಿ. ಅದೇ ಹೆಸರಿನಲ್ಲಿ ಸೈಕಲ್ ಚೈನಿಗೆಂದೇ ಮಾಡಿದ ಬೇರೆ ಎಣ್ಣೆಯೂ ಬರುತ್ತದೆ. ಕೊಳ್ಳುವಾಗ ಬಾಟಲಿಯ ಮೇಲೆ ಏನು ಬರೆದಿದೆ ಓದಿ.

ಮನೆಯಲ್ಲಿರುವ ಅಡುಗೆ ಎಣ್ಣೆ ಹಾಕಬಹುದಾ?

ದಾರಿಯಲ್ಲಿ ಬೇರೆ ಗತಿಯೇ ಇಲ್ಲದಿದ್ದರೆ ಮನೆ ಸೇರುವ ತನಕ ಹಾಕಿ. ಅಭ್ಯಾಸ ಮಾಡಿಕೊಳ್ಳಬೇಡಿ. ಅಡುಗೆ ಎಣ್ಣೆ ಗಾಳಿಗೆ ಸಿಕ್ಕಿ ಅಂಟಂಟಾಗುತ್ತದೆ. ಬಾಣಲೆಯ ಹೊರಗೆ ಕೂತ ಹಳೇ ಜಿಡ್ಡು ಉಗುರಿಗೂ ಬರುವುದಿಲ್ಲವಲ್ಲ, ಚೈನಿನ ಕೀಲಿನೊಳಗೂ ಹಾಗೇ ಆಗುತ್ತದೆ. ತೆಂಗಿನೆಣ್ಣೆಗೆ ಇನ್ನೊಂದು ತೊಂದರೆ: ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ.

ಎಂಜಿನ್ ಆಯಿಲ್? ಗ್ರೀಸ್? ಹೊಲಿಗೆ ಯಂತ್ರದ ಎಣ್ಣೆ?

ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಬೇಡವೇ ಬೇಡ. ಅದರ ತುಂಬ ಮಸಿ, ಲೋಹದ ಪುಡಿ. ಕೈಗೂ ಒಳ್ಳೆಯದಲ್ಲ. ಹೊಸ ಎಂಜಿನ್ ಆಯಿಲ್ ಕೆಲಸ ಮಾಡುತ್ತದೆ, ಆದರೆ ಧೂಳು ಜಾಸ್ತಿ ಹಿಡಿಯುತ್ತದೆ.

ಗ್ರೀಸನ್ನು ಹೊರಗಿನಿಂದ ಸವರಿದರೆ ಸಂದಿಯೊಳಗೆ ಇಳಿಯುವುದೇ ಇಲ್ಲ. ಹೊರಗೆ ದಪ್ಪಗೆ ಕೂತು ಮಣ್ಣು ಸೇರಿಸುತ್ತದೆ.

ಹೊಲಿಗೆ ಯಂತ್ರದ ಎಣ್ಣೆ ಶುದ್ಧ, ತೆಳು, ಒಳಗೆ ಚೆನ್ನಾಗಿ ಇಳಿಯುತ್ತದೆ. ಬೇಗ ಮುಗಿದುಹೋಗುತ್ತದೆ ಅನ್ನುವುದೊಂದೇ ಕೊರತೆ. ಪದೇ ಪದೇ ಹಾಕುವ ತಾಳ್ಮೆ ಇದ್ದವರಿಗೆ ಅಡ್ಡಿಯಿಲ್ಲ.

ಎಣ್ಣೆ ಹಾಕುವ ಸರಿಯಾದ ಕ್ರಮ ಹೇಳಿ.

ಮೊದಲು ಒರೆಸಿ. ಹಳೇ ಬನಿಯನ್ ತುಂಡು ತಗೊಂಡು ಚೈನಿನ ಕೆಳಗಿನ ಸಾಲನ್ನು ಮುಷ್ಟಿಯಲ್ಲಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ. ಬಟ್ಟೆಯ ಜಾಗ ಬದಲಾಯಿಸುತ್ತಾ ಕಪ್ಪು ಬರುವುದು ಕಡಿಮೆಯಾಗುವ ತನಕ ಮಾಡಿ. ಬಟ್ಟೆ ಹಿಡಿದ ಕೈಯನ್ನು ಹಲ್ಲಿನ ಚಕ್ರದಿಂದ ದೂರವೇ ಇಡಿ. ಬಟ್ಟೆಯ ಜೊತೆ ಬೆರಳೂ ಒಳಗೆ ಹೋಗುವುದು ಒಂದು ಕ್ಷಣದ ಕೆಲಸ.

ಆಮೇಲೆ ಕೊಂಡಿ ಕೊಂಡಿಗೂ ಒಂದು ಹನಿ. ಕೆಳಗಿನ ಸಾಲಿನಲ್ಲಿ, ನಿಮಗೆ ಕಾಣುವ ಮೇಲ್ಮೈಗೇ ಬಿಡಿ. ಚೈನಿನ ಆ ಮುಖವೇ ಹಲ್ಲಿಗೆ ಕೂರುವ ಒಳಮುಖ. ಒಂದು ಹನಿ ಬಿಟ್ಟು ಸುಮ್ಮನೆ ನೋಡಿ. ರೋಲರಿನ ಮೇಲೆ ಅದು ಒಂದು ಕ್ಷಣ ಮಣಿಯ ಹಾಗೆ ನಿಲ್ಲುತ್ತದೆ, ಆಮೇಲೆ ಅಂಚಿಗೆ ಜಾರಿ ಪ್ಲೇಟಿನ ಸಂದಿನೊಳಗೆ ಎಳೆದುಕೊಂಡ ಹಾಗೆ ಮಾಯವಾಗುತ್ತದೆ. ಅಷ್ಟೇ ಬೇಕಾಗಿರುವುದು. ಮಾಸ್ಟರ್ ಲಿಂಕ್ (ಚೈನು ಬಿಚ್ಚಿ ಸೇರಿಸಲೆಂದೇ ಇರುವ ಕೊಂಡಿ) ಅಥವಾ ಬಣ್ಣ ಬೇರೆ ಇರುವ ಯಾವುದಾದರೂ ಕೊಂಡಿಯಿಂದ ಶುರು ಮಾಡಿದರೆ ಒಂದು ಸುತ್ತು ಮುಗಿದದ್ದು ಗೊತ್ತಾಗುತ್ತದೆ. ಇಡೀ ಚೈನಿಗೆ ಒಂದು ಟೀ ಚಮಚದಷ್ಟೂ ಬೇಡ.

ಪೆಡಲನ್ನು ಹಿಂದಕ್ಕೆ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ. ಹತ್ತು ನಿಮಿಷ ಬಿಡಿ. ಡ್ರೈ ಲ್ಯೂಬೋ ಹನಿ ಮೇಣವೋ ಆದರೆ ಇಡೀ ರಾತ್ರಿ ಬಿಡಿ. ಬೆಳಗ್ಗೆ ಹೊರಡುವ ಐದು ನಿಮಿಷ ಮೊದಲು ಹಾಕಿದರೆ ದ್ರಾವಕ ಆರಿರುವುದಿಲ್ಲ.

ಕೊನೆಗೆ ಇನ್ನೊಂದು ಸಲ ಒರೆಸಿ. ಜನ ಬಿಟ್ಟುಬಿಡುವುದು ಈ ಹಂತವನ್ನೇ. "ಈಗ ತಾನೇ ಹಾಕಿದ್ದನ್ನು ಒರೆಸಿಬಿಟ್ಟರೆ ದಂಡ ಅಲ್ವಾ?" ಅಂತ ಕೇಳುತ್ತಾರೆ. ಒಳಗೆ ಹೋದದ್ದು ಬಟ್ಟೆಗೆ ಬರುವುದಿಲ್ಲ. ಹೊರಗೆ ಉಳಿದದ್ದು ಮಾತ್ರ ಬರುತ್ತದೆ, ಅದು ಬರಲೇಬೇಕು. ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀನಿ ಅನ್ನುವವರು ಇದನ್ನು ಇಟ್ಟುಕೊಳ್ಳಿ: ಎಣ್ಣೆಯ ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ಈ ಒರೆಸುವ ಕೆಲಸವೇ ಚೈನಿನ ಆಯುಸ್ಸು ಕಾಯುವುದು.

ಎಷ್ಟು ದಿನಕ್ಕೊಮ್ಮೆ ಹಾಕಬೇಕು?

ದಿನದ ಲೆಕ್ಕ ಬೇಡ, ಕಿವಿಯ ಲೆಕ್ಕ ಇಟ್ಟುಕೊಳ್ಳಿ. ಚೈನು ಸದ್ದಿಲ್ಲದೆ ಓಡುತ್ತಿದ್ದರೆ ಹಾಗೇ ಬಿಡಿ. ಒಣ ಸರಸರ ಸದ್ದು ಶುರುವಾದರೆ ಆ ಸಂಜೆಯೇ ಹಾಕಿ. ಕೀಚಲು ಕಿರುಗುಟ್ಟುವ ತನಕ ಕಾಯಬೇಡಿ, ಅಷ್ಟರಲ್ಲಿ ಲೋಹಕ್ಕೆ ಲೋಹ ತಿಕ್ಕಿರುತ್ತದೆ.

ಅಂದಾಜು ಬೇಕೇ ಬೇಕು ಅಂದರೆ, ಒಣ ಡಾಂಬರು ರಸ್ತೆಯಲ್ಲಿ 150ರಿಂದ 250 ಕಿ.ಮೀ.ಗೊಮ್ಮೆ ನೋಡಿ. ಮಣ್ಣಿನ ದಾರಿಯಾದರೆ ಅದಕ್ಕೂ ಮೊದಲೇ. ಒರೆಸುವುದನ್ನು ಮಾತ್ರ ವಾರಕ್ಕೊಮ್ಮೆ ಮಾಡಿದರೂ ಜಾಸ್ತಿಯಾಗುವುದಿಲ್ಲ.

ಹೊಸ ಚೈನಿನ ಮೇಲೆ ಅಂಟಂಟಾದ ಗ್ರೀಸ್ ಇರುತ್ತದೆ. ತೊಳೆದುಬಿಡಲಾ?

ಎಣ್ಣೆ ಹಾಕುವವರಾದರೆ ತೊಳೆಯಬೇಡಿ. ಚೈನು ತಯಾರಾಗುವಾಗ ಪ್ರತಿ ಕೀಲಿನೊಳಗೂ ಆ ಗ್ರೀಸನ್ನು ಇಳಿಸಿರುತ್ತಾರೆ. ನಾವು ಹೊರಗಿನಿಂದ ಏನು ಹಾಕಿದರೂ ಅಷ್ಟು ಚೆನ್ನಾಗಿ ಒಳಗೆ ತುಂಬುವುದು ಕಷ್ಟ. ಹೊರಮೈಯನ್ನು ಮಾತ್ರ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ, ಅಂಟು ಹೋಗುವ ತನಕ.

ನಾನು ಕೊಂಡ ಮೊದಲ ಗೇರ್ ಸೈಕಲ್ಲಿಗೆ ಹೀಗೆ ಮಾಡಲಿಲ್ಲ. ಮನೆಗೆ ತಂದ ದಿನವೇ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಹಾಕಿದೆ. ಬೆಳ್ಳಿಯ ಹಾಗೆ ಹೊಳೆಯಿತು. ಮೇಲೆ ಎಣ್ಣೆ ಸುರಿದೆ. ಆ ಚೈನು ಮೊದಲ ವಾರದಿಂದಲೇ ಸದ್ದು ಮಾಡಿತು, ಮುಂದೆ ಹಾಕಿದ ಯಾವ ಚೈನಿಗಿಂತಲೂ ಬೇಗ ಸವೆಯಿತು. ಕೀಲಿನೊಳಗೆ ಉಳಿದಿದ್ದ ಸೀಮೆಎಣ್ಣೆ ಆರುವ ಮೊದಲೇ ಎಣ್ಣೆ ಹಾಕಿದ್ದೆ. ಎರಡೂ ಬೆರೆತು ಎಣ್ಣೆ ನೀರಾಗಿತ್ತು. ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೇಣಕ್ಕೆ ಹೋಗುವವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅವರು ಗ್ರೀಸನ್ನು ಪೂರ್ತಿ ತೆಗೆಯಲೇಬೇಕು. ಜಿಡ್ಡಿದ್ದರೆ ಮೇಣ ಹಿಡಿಯುವುದಿಲ್ಲ.

ಚೈನು ತೊಳೆಯುವುದು ಹೇಗೆ?

ಪ್ರತಿ ಸಲ ತೊಳೆಯುವ ಅಗತ್ಯವಿಲ್ಲ. ಒರೆಸಿದ ಮೇಲೂ ಬೆರಳಿಗೆ ಮರಳಿನ ತರಿ ಸಿಗುತ್ತಿದ್ದರೆ, ಪೆಡಲ್ ತಿರುಗಿಸುವಾಗ ಕರಕರ ಅನ್ನುತ್ತಿದ್ದರೆ ತೊಳೆಯಿರಿ.

ಮಾಸ್ಟರ್ ಲಿಂಕ್ ಇದ್ದರೆ ಚೈನು ಬಿಚ್ಚುವುದು ಸುಲಭ. ಅಗಲ ಬಾಯಿಯ ಡಬ್ಬಿಗೆ ಸೀಮೆಎಣ್ಣೆ ಅಥವಾ ಡಿಗ್ರೀಸರ್ (ಜಿಡ್ಡು ಕರಗಿಸುವ ದ್ರಾವಣ) ಹಾಕಿ, ಚೈನು ಇಳಿಬಿಟ್ಟು, ಮುಚ್ಚಳ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ. ಕಪ್ಪಾದ ಮೇಲೆ ಬದಲಾಯಿಸಿ ಇನ್ನೊಮ್ಮೆ. ಆಮೇಲೆ ಸೋಪಿನ ಬಿಸಿನೀರು, ನಂತರ ಬರೀ ನೀರು. ಒರೆಸಿ ಬಿಸಿಲಿಗೆ ನೇತುಹಾಕಿ. ಒಳಗೂ ಆರಬೇಕು, ಆತುರ ಬೇಡ. ಪೂರ್ತಿ ತೊಳೆದ ಚೈನಿಗೆ ಮೊದಲ ಸಲ ಎಣ್ಣೆ ಹಾಕುವಾಗ ಎರಡು ಸಲ ಹಾಕಿ, ನಡುವೆ ಸ್ವಲ್ಪ ಹೊತ್ತು ಬಿಡಿ. 11, 12 ಸ್ಪೀಡಿನ (ಅಂದರೆ ಹಿಂದೆ ಅಷ್ಟು ಹಲ್ಲಿನ ಚಕ್ರಗಳಿರುವ) ಸೈಕಲ್ಲಿನ ಮಾಸ್ಟರ್ ಲಿಂಕುಗಳಲ್ಲಿ ಕೆಲವನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸಬಾರದು ಅಂತ ತಯಾರಕರೇ ಹೇಳುತ್ತಾರೆ. ಬಿಚ್ಚುವ ಮೊದಲೇ ನೋಡಿಕೊಳ್ಳಿ.

ಬಿಚ್ಚದೆಯೂ ತೊಳೆಯಬಹುದು. ಹಲ್ಲುಜ್ಜುವ ಹಳೇ ಬ್ರಷ್ ಸಾಕು. ದ್ರಾವಕವನ್ನು ಬ್ರಷ್ಷಿಗೆ ಹಾಕಿ, ಚೈನಿನ ಮೇಲೆ ಸುರಿಯಬೇಡಿ. ಸುರಿದದ್ದು ಚಕ್ರದ ಹಬ್ಬಿಗೆ, ಪೆಡಲಿನ ಅಚ್ಚಿಗೆ ಇಳಿದು ಅಲ್ಲಿನ ಗ್ರೀಸನ್ನು ಕರಗಿಸುತ್ತದೆ. ಜೋರು ನೀರಿನ ಪೈಪ್ ಹಿಡಿಯುವುದೂ ಬೇಡ, ಅದೇ ಕಾರಣಕ್ಕೆ.

ಇನ್ನೊಂದು. ಚೈನು ತೊಳೆದು ಹಿಂದಿನ ಡಿರೈಲರಿನ (ಗೇರ್ ಬದಲಾಯಿಸುವ ಭಾಗ) ಎರಡು ಪುಟ್ಟ ಚಕ್ರಗಳನ್ನು ಹಾಗೇ ಬಿಟ್ಟರೆ ತೊಳೆದ ಚೈನು ಮೊದಲ ಕಿಲೋಮೀಟರಿನಲ್ಲೇ ಕೊಳೆಯಾಗುತ್ತದೆ. ಅವುಗಳ ಅಂಚಿನಲ್ಲಿ ಕಪ್ಪು ಉಂಗುರದ ಹಾಗೆ ಜಿಡ್ಡು ಕೂತಿರುತ್ತದೆ. ಸ್ಕ್ರೂಡ್ರೈವರಿನ ತುದಿ ಹಿಡಿದು ಪೆಡಲ್ ತಿರುಗಿಸಿದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ.

ಪೆಟ್ರೋಲಿನಲ್ಲಿ ತೊಳೆದರೆ ಬೇಗ ಹೋಗುತ್ತದಲ್ವಾ?

ದಯವಿಟ್ಟು ಬೇಡ. ಪೆಟ್ರೋಲಿನ ಆವಿ ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯಿಂದಲೂ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯನ್ನೂ ಬಯಲಲ್ಲೇ, ಬೆಂಕಿಯಿಂದ ದೂರ ಬಳಸಿ. ಕೈಗವಸು ಹಾಕಿಕೊಳ್ಳಿ.

ಮೇಣ ಕರಗಿಸಿ ಅದ್ದುವುದು ನಿಜವಾಗಲೂ ಅಷ್ಟು ಒಳ್ಳೆಯದಾ?

ಒಣ ಹವೆಯಲ್ಲಿ ಓಡಿಸುವವರಿಗೆ ಹೌದು. ಗಟ್ಟಿಯಾದ ಮೇಣಕ್ಕೆ ಧೂಳು ಅಂಟುವುದು ತೀರಾ ಕಡಿಮೆ, ಚೈನು ಹೆಚ್ಚು ದಿನ ಬಾಳುತ್ತದೆ.

ಪ್ಯಾರಾಫಿನ್ ಮೇಣ ಹೆಚ್ಚಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ನೇರ ಉರಿಯ ಮೇಲೆ ಮಾತ್ರ ಇಡಬೇಡಿ, ಮಿತಿ ಮೀರಿ ಕಾದರೆ ಹೊತ್ತಿಕೊಳ್ಳುತ್ತದೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಸಣ್ಣ ಪಾತ್ರೆ ಇಡಿ. ಜಿಡ್ಡು ತೆಗೆದು ಒಣಗಿಸಿದ ಚೈನನ್ನು ತಂತಿಗೆ ಪೋಣಿಸಿ ಮುಳುಗಿಸಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಅದು ಕೀಲಿನೊಳಗಿದ್ದ ಗಾಳಿ ಹೊರಬಂದು ಮೇಣ ಒಳಗೆ ಹೋಗುತ್ತಿರುವ ಗುರುತು. ಗುಳ್ಳೆ ನಿಂತ ಮೇಲೂ ಐದು ಹತ್ತು ನಿಮಿಷ ಬಿಟ್ಟು ಎತ್ತಿ ನೇತುಹಾಕಿ. ಆರಿದ ಮೇಲೆ ಚೈನು ಕೋಲಿನ ಹಾಗೆ ಬಿರುಸಾಗಿರುತ್ತದೆ, ಗಾಬರಿಯಾಗಬೇಡಿ. ಒಂದೊಂದೇ ಕೀಲನ್ನು ಮಡಚಿ ಬಿಡಿಸಿದರೆ ಸಡಿಲವಾಗುತ್ತದೆ. ಮೇಣಕ್ಕೆಂದು ಇಟ್ಟ ಪಾತ್ರೆಯನ್ನು ಮತ್ತೆ ಅಡುಗೆಗೆ ತಗೊಳ್ಳಬೇಡಿ.

ಸುಮಾರು 300 ಕಿ.ಮೀ.ಗೆ ಮತ್ತೆ ಅದ್ದಬೇಕಾಗುತ್ತದೆ. ದಿನಾ ಮಳೆಯಲ್ಲಿ ಓಡಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೇಣ ಬಿಟ್ಟ ಜಾಗದಲ್ಲಿ ರಾತ್ರಿ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣಿಸುತ್ತದೆ.

ಮಳೆಯಲ್ಲಿ ನೆನೆದು ಬಂದೆ. ನಾಳೆ ನೋಡಿಕೊಂಡರಾಗದಾ?

ಎಣ್ಣೆಯನ್ನು ನಾಳೆ ಹಾಕಿ, ಒರೆಸುವುದನ್ನು ಈಗಲೇ ಮಾಡಿ. ಎರಡು ನಿಮಿಷದ ಕೆಲಸ. ಬೆಳಗ್ಗೆ ಒಣಗಿದ ಚೈನಿಗೆ ಎಣ್ಣೆ ಬಿಡಿ. ಒದ್ದೆ ಚೈನಿನ ಮೇಲೆ ಎಣ್ಣೆ ಬಿಟ್ಟರೆ ಸಂದಿನಲ್ಲಿ ನೀರೇ ಕೂತಿರುತ್ತದೆ, ಎಣ್ಣೆಗೆ ಜಾಗವೆಲ್ಲಿ?

ತುಕ್ಕು ಹಿಡಿದ ಚೈನು ಉಳಿಯುತ್ತದಾ?

ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಎಣ್ಣೆ ಹಾಕಿ ಬಟ್ಟೆಯಲ್ಲಿ ತಿಕ್ಕಿ, ಓಡಿಸಿ. ಕೀಲುಗಳೇ ಮಡಚದಿದ್ದರೆ ಹೊಸ ಚೈನು ಹಾಕುವುದೇ ದಾರಿ. ತುಕ್ಕು ತೆಗೆಯುವ ಆಮ್ಲ, ಕಾಸ್ಟಿಕ್‌ನಂಥ ಕ್ಷಾರಗಳಲ್ಲಿ ಚೈನು ನೆನೆಹಾಕಬೇಡಿ. ಗಡಸು ಮಾಡಿದ ಉಕ್ಕು ಅದರಿಂದ ಬಿರುಕು ಬಿಡಬಹುದು. ನಿಂತು ತುಳಿಯುವಾಗ ಚೈನು ತುಂಡಾದರೆ ಬೀಳುವವರು ನೀವು.

ಚೈನು "ಉದ್ದ ಆಗಿದೆ" ಅಂತಾರಲ್ಲ, ಉಕ್ಕು ಎಳೆದು ಉದ್ದವಾಗುತ್ತದಾ?

ಪ್ಲೇಟು ಎಳೆದುಕೊಳ್ಳುವುದಿಲ್ಲ. ಮೊದಲ ಪ್ರಶ್ನೆಯಲ್ಲಿ ಹೇಳಿದ ಕೀಲು ಸವೆದು, ಒಂದೊಂದರಲ್ಲೂ ಕೂದಲಷ್ಟು ಸಡಿಲ ಹುಟ್ಟುತ್ತದೆ. ನೂರು ಕೀಲಿನ ಸಡಿಲ ಸೇರಿದಾಗ ಚೈನು ಉದ್ದವಾದ ಹಾಗೆ ಆಗುತ್ತದೆ.

ಅಳೆಯಲು ಒಂದು ಸ್ಟೀಲ್ ಸ್ಕೇಲ್ ಸಾಕು. ಚೈನು ಬಿಗಿಯಾಗಿರುವಾಗ ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿಯಿರಿ. ಆ ಪಿನ್ನನ್ನು ಬಿಟ್ಟು ಎಣಿಸಿದರೆ ಬರುವ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ, ಅಂದರೆ 304.8 ಮಿ.ಮೀ.ಗೆ ಬಂದರೆ ಚೈನು ಹೊಸದರ ಹಾಗಿದೆ. ಸುಮಾರು 1.6 ಮಿ.ಮೀ. ದಾಟಿದ್ದರೆ ಅರ್ಧ ಶೇಕಡಾ ಸವೆದಿದೆ. 11, 12 ಸ್ಪೀಡಿನವರು ಆಗಲೇ ಬದಲಾಯಿಸಬೇಕು. 10 ಸ್ಪೀಡು ಮತ್ತು ಅದಕ್ಕಿಂತ ಕಡಿಮೆ ಇರುವವರು 0.75 ಶೇಕಡಾ ತನಕ ಹೋಗಬಹುದು. ಗೇರಿಲ್ಲದ ಸೈಕಲ್ಲಿಗೆ 1 ಶೇಕಡಾ, ಅಂದರೆ ಸುಮಾರು 3 ಮಿ.ಮೀ., ಮಿತಿ.

ಹೊಸ ಚೈನು ಹಾಕಿದ ಮೇಲೆ ಜೋರಾಗಿ ತುಳಿದರೆ ಜಾರುತ್ತಿದೆ. ಚೈನೇ ಸರಿಯಿಲ್ಲವಾ?

ಚೈನು ಸರಿಯಾಗೇ ಇರುತ್ತದೆ. ಹಳೇ ಚೈನನ್ನು ತುಂಬಾ ದಿನ ಓಡಿಸಿದ್ದರಿಂದ ಹಿಂದಿನ ಹಲ್ಲುಗಳೂ ಅದರ ಉದ್ದಕ್ಕೆ ತಕ್ಕ ಹಾಗೆ ಸವೆದಿವೆ. ಹೊಸ ಚೈನಿನ ಅರ್ಧ ಇಂಚು ಅಲ್ಲಿ ಕೂರುತ್ತಿಲ್ಲ. ಹಿಂದಿನ ಹಲ್ಲಿನ ಚಕ್ರಗಳನ್ನೇ, ಅಂದರೆ ಕ್ಯಾಸೆಟ್ಟನ್ನೋ ಫ್ರೀವೀಲನ್ನೋ ಬದಲಾಯಿಸಬೇಕು. ಸಮಯಕ್ಕೆ ಸರಿಯಾಗಿ ಚೈನು ಬದಲಾಯಿಸಿ ಅನ್ನುವುದು ಇದಕ್ಕೇ.

ಎಣ್ಣೆ ಹಾಕಿದೆ, ಆದರೂ ಸದ್ದು ನಿಂತಿಲ್ಲ.

ಒಂದೇ ಅಂತರದಲ್ಲಿ ಟಕ್ ಟಕ್ ಅಂದರೆ ಒಂದು ಕೊಂಡಿ ಬಿಗಿದಿರಬಹುದು. ಪೆಡಲನ್ನು ನಿಧಾನಕ್ಕೆ ಹಿಂದೆ ತಿರುಗಿಸುತ್ತಾ ಡಿರೈಲರ್ ನೋಡಿ, ಆ ಕೊಂಡಿ ದಾಟುವಾಗ ಅದು ಒಮ್ಮೆ ಹಾರುತ್ತದೆ. ಆ ಕೊಂಡಿಗೆ ಎಣ್ಣೆ ಬಿಟ್ಟು ಅಕ್ಕಪಕ್ಕಕ್ಕೆ ಮೆಲ್ಲಗೆ ಬಾಗಿಸಿ. ಚೈನು ಸುತ್ತದೆಯೂ ಸದ್ದು ಬಂದರೆ ಬೇರೆ ಕಡೆ ಹುಡುಕಿ.

ಡಿಸ್ಕ್ ಬ್ರೇಕ್ ಇದೆ. ಸ್ಪ್ರೇ ಹೊಡೆಯಬಹುದಾ?

ಬೇಡ. ಸ್ಪ್ರೇಯ ಮಂಜು ಎಲ್ಲಿ ಹೋಗಿ ಕೂರುತ್ತದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಡಿಸ್ಕಿಗೋ ಪ್ಯಾಡಿಗೋ ಎಣ್ಣೆ ಸೋಕಿದರೆ ಬ್ರೇಕು ಹಿಡಿಯುವುದಿಲ್ಲ. ಎಣ್ಣೆ ಕುಡಿದ ಪ್ಯಾಡನ್ನು ಬಹಳ ಸಲ ಎಸೆಯಬೇಕಾಗುತ್ತದೆ. ರಿಮ್ ಬ್ರೇಕಿನವರೂ ರಿಮ್ಮಿಗೆ ಎಣ್ಣೆ ತಾಗದ ಹಾಗೆ ನೋಡಿಕೊಳ್ಳಿ. ಹನಿ ಬೀಳುವ ಬಾಟಲಿಯೇ ಎಲ್ಲರಿಗೂ ಒಳ್ಳೆಯದು.

ಪೂರ್ತಿ ಕವರ್ ಇರುವ ಚೈನಿಗೂ ಇಷ್ಟೆಲ್ಲ ಬೇಕಾ?

ಬೇಡ. ಮಳೆ, ಧೂಳು ಒಳಗೆ ಹೋಗುವುದು ಕಡಿಮೆ. ಕೆಲವು ತಿಂಗಳಿಗೊಮ್ಮೆ ಎಣ್ಣೆ ಬಿಟ್ಟರೆ ಸಾಕು.

ದುಬಾರಿ ಎಣ್ಣೆ ಹಾಕಿದರೆ ವೇಗ ಜಾಸ್ತಿಯಾಗುತ್ತದಾ?

ಗೊತ್ತಾಗುವಷ್ಟಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಚೈನನ್ನು ಪ್ರಯೋಗಾಲಯದಲ್ಲಿ ಓಡಿಸಿ ಅಳೆದಾಗ, ಹಾಕಿದ ಶಕ್ತಿಯಲ್ಲಿ ಹೆಚ್ಚೆಂದರೆ 98.6 ಶೇಕಡಾ ತನಕ ದಾಟಿಸುವುದು ಕಂಡುಬಂತು. ಚೊಕ್ಕಟವಾದ ಆ ಪ್ರಯೋಗಾಲಯದಲ್ಲಿ ಯಾವ ಎಣ್ಣೆ ಅನ್ನುವುದಕ್ಕಿಂತ ಹಲ್ಲಿನ ಚಕ್ರದ ಗಾತ್ರ, ಚೈನಿನ ಬಿಗಿತವೇ ಹೆಚ್ಚು ವ್ಯತ್ಯಾಸ ತಂದವು. ನಮ್ಮ ರಸ್ತೆಗಳಲ್ಲಿ ಧೂಳಿದೆ, ನೀರಿದೆ. ಇಲ್ಲಿ ಎಣ್ಣೆಯ ದೊಡ್ಡ ಕೆಲಸ ಸವೆತ ತಡೆಯುವುದು. ಆ ಹಣದಲ್ಲಿ ಸಾಧಾರಣ ಎಣ್ಣೆಯ ಬಾಟಲಿ, ಒಂದು ಬ್ರಷ್, ಒಂದಿಷ್ಟು ಬಟ್ಟೆ ತಗೊಳ್ಳಿ.

ತೊಳೆದ ಮೇಲೆ ಉಳಿದ ಕೊಳೆ ಸೀಮೆಎಣ್ಣೆ ಎಲ್ಲಿ ಚೆಲ್ಲುವುದು?

ಚರಂಡಿಗೂ ಬೇಡ, ಗಿಡದ ಬುಡಕ್ಕೂ ಬೇಡ. ಮುಚ್ಚಳ ಹಾಕಿ ಎರಡು ದಿನ ಅಲ್ಲಾಡದ ಹಾಗೆ ಇಟ್ಟರೆ ಮಣ್ಣು, ಲೋಹದ ಪುಡಿ ಎಲ್ಲ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮೆಲ್ಲಗೆ ಬೇರೆ ಡಬ್ಬಿಗೆ ಬಗ್ಗಿಸಿಕೊಳ್ಳಿ, ಮುಂದಿನ ಸಲ ಮೊದಲ ತೊಳೆತಕ್ಕೆ ಆಗುತ್ತದೆ. ಡಬ್ಬಿಯ ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ತಳದ ಗಸಿಯನ್ನು ಹಳೇ ಎಂಜಿನ್ ಆಯಿಲ್ ತಗೊಳ್ಳುವ ಕಡೆ ಕೊಡಿ. ಎಣ್ಣೆ ಕುಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ, ಬಯಲಲ್ಲಿ ಹರಡಿ ಒಣಗಿಸಿ ಆಮೇಲೆ ಕಸಕ್ಕೆ ಹಾಕಿ.